ತಬಲಾ ಇಲ್ಲದ ಹತ್ತು ರಾಗಗಳು

ಕಳೆದ ನವೆಂಬರದಲ್ಲಿ ಮುಂಬಯಿಯ ಒಂದು ಉಪನಗರದಲ್ಲಿ ನಡೆದ ರಾಜ್ಯೋತ್ಸವ ಸಮಾರಂಭಕ್ಕೆ ನಾವು ಕುಟುಂಬ ಸಮೇತರಾಗಿ ಹೋಗಿದ್ದೆವು. ಭಾವಗೀತೆಗಳ ಗಾಯನವಿತ್ತು. ವೇದಿಕೆಯ ಮೇಲೆ ಹಾಡುವವರು ಮಾತ್ರ. ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ. ಹಿಮ್ಮೇಳವೆಲ್ಲ ಒಂದು ಮೊಬೈಲಿನಿಂದ ಧ್ವನಿವರ್ಧಕಕ್ಕೆ ಬರುತ್ತಿತ್ತು. ಇಪ್ಪತ್ತೈದು ವರ್ಷ ನಮ್ಮವರ ಇಂಥ ಕಾರ್ಯಕ್ರಮಗಳಿಗೆ ತಬಲಾ ಸಾಥಿ ಮಾಡಿದ ಹಿರಿಯರೊಬ್ಬರು (ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ಕಾಕಾ) ನಮ್ಮ ಪಕ್ಕದಲ್ಲೇ ಮೂರನೆಯ ಸಾಲಿನಲ್ಲಿ ಕುಳಿತು ತೊಡೆಯ ಮೇಲೆ ಬೆರಳಾಡಿಸುತ್ತಿದ್ದರು. ಒಂದು ಕಡೆ ಗಾಯಕಿ ಸಾಲನ್ನು ಅರ್ಧ ಮಾತ್ರೆ ತಡವಾಗಿ ಎತ್ತಿಕೊಂಡಳು. ಮೊಬೈಲು ಕಾಯಲಿಲ್ಲ. ಪಾಪ, ಆ ಹುಡುಗಿ ಹಾಡಿನ ಕೊನೆಯವರೆಗೂ ಓಡುವ ಗಾಡಿಯನ್ನು ಹಿಡಿಯಲು ಹೋದವರಂತೆ ತೇಕಿದಳು. 'ನಾ ಕುಂತಿದ್ರ ಒಂದು ಆವರ್ತನ ತಡೀತಿದ್ದೆ ನೋಡು' ಎಂದು ಕಾಕಾ ಮೆಲ್ಲಗೆ ನಮ್ಮ ಕಿವಿಯಲ್ಲಿ ಅಂದರು.

ಆ ಮಾತು ಮನಸ್ಸನ್ನು ಕೊರೆಯುತ್ತಿರುವಾಗಲೇ, ನಮ್ಮ ಊರಿನಲ್ಲೇ ತಯಾರಾಗಿ ನಮ್ಮವರಾರೂ ಕೇಳದೆ ಉಳಿದ ಒಂದು ಧ್ವನಿಮುದ್ರಿಕೆ ನಮ್ಮ ಕೈಗೆ ಬಂತು. ಅದೂ ತಬಲಾ ಇಲ್ಲದ ಸಂಗೀತವೇ, ಯಂತ್ರದ ಸಂಗೀತವೇ. ಆದರೆ ಕೇಳಿದ ಮೇಲೆ ಅದನ್ನೂ ಆ ದಿನದ ಮೊಬೈಲಿನ ಹಿಮ್ಮೇಳವನ್ನೂ ಒಂದೇ ತಕ್ಕಡಿಯಲ್ಲಿ ಇಡಲು ಮನಸ್ಸು ಬರಲಿಲ್ಲ. ಏಕೆ ಬರಲಿಲ್ಲವೆಂಬುದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಧ್ವನಿಮುದ್ರಿಕೆಯ ಹೆಸರು 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್', ಅಂದರೆ ಡಿಸ್ಕೋ ತಾಳಕ್ಕೆ ಹತ್ತು ರಾಗಗಳು. ನುಡಿಸಿದವರು ಚರಣಜಿತ್ ಸಿಂಗ್. ಎಚ್‌ಎಂವಿ ಮುದ್ರೆಯಲ್ಲಿ ಗ್ರಾಮಫೋನ್ ಕಂಪನಿ 1982ರಲ್ಲಿ ಇದನ್ನು ಹೊರತಂದಿತು. ಭೈರವ್, ಲಲಿತ್, ಭೂಪಾಲಿ, ತೋಡಿ, ಮಧುವಂತಿ ಒಂದು ಬದಿಗೆ. ಮೇಘ ಮಲ್ಹಾರ್, ಯಮನ್, ಕಲಾವತಿ, ಮಾಲಕಂಸ್, ಬೈರಾಗಿ ಇನ್ನೊಂದು ಬದಿಗೆ. ನಾವು ಆಗ ತೊಟ್ಟಿಲ ಕೂಸು. ನಮ್ಮ ತಂದೆಯವರು ಗದುಗಿನ ಕಡೆಯಿಂದ ಬಂದು ಚೆಂಬೂರಿನಲ್ಲಿ ಬಿಡಾರ ಹೂಡಿ ಕೆಲವೇ ವರ್ಷಗಳಾಗಿದ್ದವು. ಸಂಗೀತವೆಂದರೆ ಪ್ರಾಣ ಬಿಡುವ ಅವರಿಗೂ ಈ ತಟ್ಟೆಯ ಸುದ್ದಿ ಮುಟ್ಟಿರಲಿಲ್ಲ. ಮುಟ್ಟಿದ್ದರೂ ಅದರ ಹೆಸರು ಓದಿಯೇ ಕೆಳಗಿಡುತ್ತಿದ್ದೆನೆಂದು ಈಗ ಅವರೇ ಒಪ್ಪುತ್ತಾರೆ.

ಚರಣಜಿತ್ ಸಿಂಗ್ ಮುಂಬಯಿಯ ಹಿಂದೀ ಚಿತ್ರಸಂಗೀತದ ವಾದ್ಯವೃಂದದಲ್ಲಿ ದುಡಿದವರು. ಬೇಸ್ ಗಿಟಾರ್, ಸ್ಟೀಲ್ ಗಿಟಾರ್, ಕೀಬೋರ್ಡು ಎಲ್ಲವೂ ಅವರ ಕೈಗೆ ಒಗ್ಗಿದ್ದವು. 1971ರ 'ಹರೇ ರಾಮ ಹರೇ ಕೃಷ್ಣ' ಚಿತ್ರದ ಪ್ರಸಿದ್ಧ 'ದಮ್ ಮಾರೋ ದಮ್' ಹಾಡಿನಲ್ಲಿ ಟ್ರಾನ್ಸಿಕಾರ್ಡ್ ಎಂಬ ವಾದ್ಯ ನುಡಿಸಿದವರು ಇವರೇ. ಚೆಂಬೂರಿನವರಾದ ನಮಗೆ ಚಿತ್ರರಂಗ ದೂರದ್ದಲ್ಲ. 1948ರಲ್ಲಿ ರಾಜ್ ಕಪೂರ್ ಕಟ್ಟಿದ ಆರ್. ಕೆ. ಸ್ಟುಡಿಯೋ ನಮ್ಮ ಊರಿನಲ್ಲೇ ಇತ್ತು. 2017ರ ಬೆಂಕಿಯ ನಂತರ ಅದೂ ಹೋಯಿತು. ಆದರೆ ಸ್ಟುಡಿಯೋದ ಬಾಗಿಲಲ್ಲಿ ನಟ ನಟಿಯರಿಗಾಗಿ ಕಾದ ನಮ್ಮ ಜನ, ವಾದ್ಯ ನುಡಿಸುವವರ ಮುಖವನ್ನು ಎಂದೂ ನೋಡಿದವರಲ್ಲ. ಹಾಡು ನಮ್ಮ ಬಾಯಲ್ಲಿರುತ್ತದೆ, ನುಡಿಸಿದವನ ಹೆಸರು ಇರುವುದಿಲ್ಲ.

ಮುಂಬಯಿಗೆ ವಿದ್ಯುತ್ ಕೀಬೋರ್ಡು ಬಂದದ್ದು ಹೊಸತೇನಲ್ಲ. 1954ರ 'ನಾಗಿನ್' ಚಿತ್ರದ ಪುಂಗಿಯ ನಾದಕ್ಕೆ ಹೆಡೆಯಾಡಿಸದ ಮಕ್ಕಳಿರಲಿಲ್ಲ. ಅದು ಪುಂಗಿಯಲ್ಲ. ಹೇಮಂತಕುಮಾರರ ನಿರ್ದೇಶನದಲ್ಲಿ ಕಲ್ಯಾಣ್‌ಜಿಯವರು ಕ್ಲಾವಿಯೊಲಿನ್ ಎಂಬ ವಿದ್ಯುತ್ ವಾದ್ಯದಲ್ಲಿಯೂ, ಮುಂದೆ ಸಂಗೀತ ನಿರ್ದೇಶಕರಾದ ರವಿಯವರು ಹಾರ್ಮೋನಿಯಂನಲ್ಲಿಯೂ ಸೇರಿ ನುಡಿಸಿದ್ದು. 1970ರ ದಶಕದಲ್ಲಿ ಕೇರ್ಸಿ ಲಾರ್ಡ್ ಅವರು ಮೋಗ್ ಸಿಂಥಸೈಜರನ್ನು ಚಿತ್ರಸಂಗೀತಕ್ಕೆ ತಂದರು. ಆದರೆ ಈ ಎಲ್ಲ ಕಡೆ ಯಂತ್ರದ ಕೆಲಸ ಬೇರೊಂದು ವಾದ್ಯದ ಅನುಕರಣೆ, ಇಲ್ಲವೆ ಹಾಡಿಗೊಂದು ಒಗ್ಗರಣೆ. ಯಂತ್ರವನ್ನೇ ಮುಂದೆ ಕೂರಿಸಿ, ಅದರ ಕೈಯಲ್ಲಿ ರಾಗ ನುಡಿಸುವ ಯೋಚನೆ ಬರಲಿಲ್ಲ.

ಅತ್ತ ಇಂಗ್ಲೆಂಡಿನಲ್ಲಿ ಪ್ರೋಗ್ರೆಸಿವ್ ರಾಕ್ ಎಂಬ ಪಂಥದವರು ಮೂರು ನಿಮಿಷದ ಹಾಡಿನ ಕಟ್ಟು ಬಿಟ್ಟು, ಕೀಬೋರ್ಡುಗಳ ಬಲದಿಂದ ಇಪ್ಪತ್ತು ಇಪ್ಪತ್ತು ನಿಮಿಷದ ರಚನೆಗಳನ್ನು ಕಟ್ಟುತ್ತಿದ್ದರು. 1973ರಲ್ಲಿ ಮೈಕ್ ಓಲ್ಡ್‌ಫೀಲ್ಡ್ ಎಂಬ ತರುಣ ಬಹುತೇಕ ವಾದ್ಯಗಳನ್ನು ತಾನೊಬ್ಬನೇ ನುಡಿಸಿ, ಒಂದರ ಮೇಲೊಂದು ಮುದ್ರಿಸಿ 'ಟ್ಯೂಬ್ಯುಲರ್ ಬೆಲ್ಸ್' ಹೊರತಂದು ಹೆಸರು ಮಾಡಿದ. ಒಬ್ಬನೇ ಕುಳಿತು ಇಡೀ ಮೇಳವಾಗುವ ಈ ಹುಚ್ಚು ಮುಂಬಯಿಯಲ್ಲಿ ಹಿಡಿದದ್ದು ಚರಣಜಿತ್ ಸಿಂಗರಿಗೆ. ಆದರೆ ಅವರು ರಾಕ್ ಕಡೆ ಹೋಗಲಿಲ್ಲ. ಊರೆಲ್ಲ ಡಿಸ್ಕೋ ಜ್ವರದಲ್ಲಿತ್ತು. ಕೊಡಗಿನ ಮನೆತನದ, ಬೆಂಗಳೂರಿನಲ್ಲಿ ಹುಟ್ಟಿದ ನಮ್ಮ ಬಿದ್ದು ಅಪ್ಪಯ್ಯ 1980ರ 'ಕುರ್ಬಾನಿ'ಗೆ ಒಂದೇ ಒಂದು ಹಾಡು ಕೊಟ್ಟು ದೇಶವನ್ನೇ ಕುಣಿಸಿದ್ದರು. 1982ರ ಕೊನೆಗೆ 'ಡಿಸ್ಕೋ ಡಾನ್ಸರ್' ಬಂತು. ಎಲ್ಲರೂ ಡಿಸ್ಕೋ ಮಾಡುತ್ತಿರುವಾಗ, ತಬಲಾ ಬಿಟ್ಟು ರಾಗಗಳಿಗೇ ಡಿಸ್ಕೋ ತಾಳ ಹಾಕಿ ನೋಡೋಣವೆಂದು ತೋಚಿತೆಂದು ಚರಣಜಿತ್ ಸಿಂಗರೇ ಮುಂದೆ ಸಂದರ್ಶನಗಳಲ್ಲಿ ಹೇಳಿದ್ದಾರೆ. ಮನೆಯಲ್ಲಿ ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿ, ನುಡಿಸಿ ನುಡಿಸಿ ಹದ ಕಂಡುಕೊಂಡ ಮೇಲೆಯೇ ಮುದ್ರಣಕ್ಕೆ ಹೋದರು.

ಯಂತ್ರಗಳು ಮೂರು. ಮೂರೂ ಜಪಾನಿನ ರೋಲ್ಯಾಂಡ್ ಕಂಪನಿಯವು. ಮೊದಲನೆಯದು ಜ್ಯೂಪಿಟರ್-8, 1981ರಲ್ಲಿ ಬಂದ ಕೀಬೋರ್ಡು. 61 ಮನೆಗಳು, ಒಮ್ಮೆಗೆ ಎಂಟು ಸ್ವರ ಹೊರಡಿಸಬಲ್ಲುದು. ಎರಡನೆಯದು ತಾಳದ ಪೆಟ್ಟಿಗೆ, ಟಿಆರ್-808. ಇದರಲ್ಲಿ ಡೋಲಿನ ಧ್ವನಿಯನ್ನು ಮುದ್ರಿಸಿ ಇಟ್ಟಿಲ್ಲ. ವಿದ್ಯುನ್ಮಂಡಲಗಳೇ ಆ ಗುದ್ದನ್ನೂ ಚಪ್ಪಾಳೆಯನ್ನೂ ಉತ್ಪಾದಿಸುತ್ತವೆ. ಮೂರನೆಯದು ಟಿಬಿ-303, ಬೇಸ್ ಗಿಟಾರಿನವನು ಜೊತೆಗಿಲ್ಲದಾಗ ಗಿಟಾರ್ ಅಭ್ಯಾಸಿಗೆ ನೆರವಾಗಲೆಂದು ಮಾಡಿದ ಸಣ್ಣ ಬೆಳ್ಳಿ ಬಣ್ಣದ ಪೆಟ್ಟಿಗೆ. ಹದಿನಾರು ಹೆಜ್ಜೆಗಳ ಒಂದು ಸುತ್ತನ್ನು ಅದಕ್ಕೆ ಕಲಿಸಿದರೆ ದಣಿಯದೆ ತಿರುಗಿಸುತ್ತದೆ. ಗಿಟಾರಿನ ಧ್ವನಿ ಅದಕ್ಕೆ ಬಾರದು. ಹೊರಡುವುದು ಒಂದು ಬಗೆಯ ಗುಳುಗುಳು ಸ್ವರ. ಗಿರಾಕಿಗಳಿಲ್ಲದೆ 1984ರಲ್ಲಿ ಕಂಪನಿ ಅದರ ತಯಾರಿಕೆಯನ್ನೇ ನಿಲ್ಲಿಸಿತು.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ತಂದೆಯವರನ್ನೂ ಕಾಕಾ ಅವರನ್ನೂ ಕೂರಿಸಿಕೊಂಡು ಹತ್ತೂ ರಾಗಗಳನ್ನು ಕೇಳಿದೆವು. ತಂದೆಯವರು ಹಾರ್ಮೋನಿಯಂ ನುಡಿಸುವವರು, ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ಕೇಳಿ ಬೆಳೆದವರು. ಭೈರವ್ ಶುರುವಾಯಿತು. ಯಂತ್ರದ ಗಂಟಲಿನಿಂದ 'ಓಂ ನಮಃ ಶಿವಾಯ' ಎಂದು ಹೊರಟಿತು. ಹಿಂದೆಯೇ ತಾಳ ಬಿತ್ತು. 'ಏನಪಾ ಇದು, ಹಿಟ್ಟಿನ ಗಿರಣಿಯೊಳಗ ಕುಂತಂಗ ಆತು' ಎಂದು ತಂದೆಯವರು ನಕ್ಕರು. ಎರಡನೆಯ ರಾಗ ಲಲಿತ್ ಬಂದಾಗ ನಗು ನಿಂತಿತು. ಕಣ್ಣು ಮುಚ್ಚಿಕೊಂಡರು. ಮುಗಿದ ಮೇಲೆ, 'ಮನುಷ್ಯಾಗ ರಾಗ ಗೊತ್ತೈತಿ' ಎಂದಷ್ಟೇ ಹೇಳಿದರು. ನಮ್ಮ ವಿಮರ್ಶೆ ಇಲ್ಲಿಂದ ಹೊರಡಬೇಕು.

ಮೊದಲು, ಈ ಮುದ್ರಿಕೆಯ ಮೇಲೆ ಹಿರಿಯರು ಹಾಕಬಹುದಾದ ಒಂದು ಆಕ್ಷೇಪಣೆಯನ್ನು ತಳ್ಳಿಹಾಕೋಣ. ಐದಾರು ನಿಮಿಷದಲ್ಲಿ ರಾಗ ಮುಗಿಯುತ್ತದೆಯೆ ಎಂದು ಕೇಳುವವರಿದ್ದಾರೆ. ಹಳೆಯ ಅರಗಿನ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಮೂರು ಚಿಲ್ಲರೆ ನಿಮಿಷ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರು 'ಗಾಂಧಾರಿ' ಎಂಬ ಹೆಸರಿನಲ್ಲಿ ಇದೇ ಎಚ್‌ಎಂವಿ ಕಂಪನಿಗೆ ಹಾಡಿದ್ದು ಆ ಅಳತೆಯಲ್ಲೇ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ತಟ್ಟೆಗಳೂ ಹಾಗೆಯೇ. ಆ ಮೂರು ನಿಮಿಷದಲ್ಲಿ ರಾಗ ಪೂರ್ತಿ ಎದ್ದು ನಿಲ್ಲುತ್ತಿತ್ತೆಂಬುದಕ್ಕೆ ಧಾರವಾಡ ಸೀಮೆಯ ಎರಡು ತಲೆಮಾರುಗಳೇ ಸಾಕ್ಷಿ. ಆದ್ದರಿಂದ ಕಾಲದ ಕೊರತೆ ದೋಷವಲ್ಲ.

ನಿಜವಾದ ದೋಷಗಳು ಬೇರೆ. ಮೊದಲನೆಯದು ಶ್ರುತಿ. ಇದಕ್ಕೆ ಬಿ.ಎಸ್ಸಿ. ತರಗತಿಯಲ್ಲಿ ಕಲಿತ ಲೆಕ್ಕವೇ ಸಾಕು. ಷಡ್ಜ ಸೆಕೆಂಡಿಗೆ 240 ಕಂಪನಗಳಾದರೆ, ತಂಬೂರಿಯೊಡನೆ ಬೆರೆಯುವ ಶುದ್ಧ ಗಾಂಧಾರ ಸರಿಯಾಗಿ 300. ಕೀಬೋರ್ಡಿನಲ್ಲಿ ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿರುವುದರಿಂದ ಅದೇ ಗಾಂಧಾರ 302.4 ಆಗುತ್ತದೆ. ಎರಡೂ ಚಿಲ್ಲರೆ ಕಂಪನವೇನು ಮಹಾ ಎನ್ನಬಹುದು. ಆದರೆ ಎರಡನ್ನೂ ಕೂಡಿ ನುಡಿಸಿದರೆ ಸೆಕೆಂಡಿಗೆ ಎರಡು ಮೂರು ಸಲ ಸ್ವರ ನಡುಗುವುದು ಯಾರ ಕಿವಿಗಾದರೂ ಕೇಳುತ್ತದೆ. ಹಾರ್ಮೋನಿಯಂಗೂ ಇದೇ ರೋಗ. 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಹೊರಗಿಟ್ಟದ್ದಕ್ಕೆ ಇದೂ ಒಂದು ಕಾರಣ. ಈ ಮುದ್ರಿಕೆಯಲ್ಲಿ ಹೆಚ್ಚು ಪೆಟ್ಟು ತಿಂದದ್ದು ತೋಡಿ. ಆ ರಾಗದ ಗಾಂಧಾರ ಸಾಮಾನ್ಯ ಕೋಮಲಕ್ಕಿಂತಲೂ ಕೆಳಗೆ ನಿಂತು ಅಳಬೇಕು. ಇಲ್ಲಿ ಅದು ನೆಟ್ಟಗೆ ಕಂಬದಂತೆ ನಿಂತಿದೆ. ಮೈಸೂರು ಕಡೆಯ ಓದುಗರು ಅದನ್ನು ತಮ್ಮ ಶುಭಪಂತುವರಾಳಿಯೊಡನೆ ಹೋಲಿಸಿ ನೋಡಿದರೆ ನಮ್ಮ ಮಾತು ಹೊಳೆಯುತ್ತದೆ.

ಎರಡನೆಯ ದೋಷ ತಾಳದ್ದು. ನಸುಕಿನ ಲಲಿತಕ್ಕೂ ನಡುರಾತ್ರಿಯ ಮಾಲಕಂಸಕ್ಕೂ ಒಂದೇ ಗುದ್ದು, ಹೆಚ್ಚು ಕಡಿಮೆ ಒಂದೇ ನಡೆ. ವಿಲಂಬಿತವಿಲ್ಲ, ಆದ್ದರಿಂದ ದ್ರುತಕ್ಕೆ ಏರಿದ ಸುಖವೂ ಇಲ್ಲ. ಯಮನ್ ರಾಗಕ್ಕೆ ಬೇಕಾದ ಸಂಜೆಯ ವಿರಾಮ ಈ ಧಾವಂತದಲ್ಲಿ ಸಿಕ್ಕುವುದಿಲ್ಲ. ಮಳೆಗೆ ಮುಂಚಿನ ಬಿಗುವಿಲ್ಲದ ಮೇಘ ಮಲ್ಹಾರವೂ ಅಷ್ಟಕ್ಕಷ್ಟೆ. ಕಾಕಾ ಅವರು ಮೊಣಕಾಲಿನ ಮೇಲೆ ಕೆಹರವಾ ಹಾಕಿ ನೋಡಿದರು. ಎರಡು ನಿಮಿಷ ಸೊಗಸಾಗಿ ಕೂಡಿತು. ಆಮೇಲೆ ಒಂದು ತಿಹಾಯಿ ಹೊಡೆದು ಸಮ್ಮಿಗೆ ಬಂದು, ತಲೆಯೆತ್ತಿ ನೋಡಿದರು. ಎದುರಿನವರಿಂದ ಒಂದು ತಲೆದೂಗುವಿಕೆಯೂ ಬರಲಿಲ್ಲ, ಬರುವಂತೆಯೂ ಇರಲಿಲ್ಲ. 'ಇದರ ಕೂಡ ಜಗಳಾನೂ ಆಡಾಕ ಬರೂದಿಲ್ಲ' ಎಂದರು.

ಇಷ್ಟಾದರೂ ಇದು ಒಳ್ಳೆಯ ಕೃತಿ ಎಂದು ನಾವು ಹೇಳುತ್ತೇವೆ. ಮುಖ್ಯ ಕಾರಣ, ಚರಣಜಿತ್ ಸಿಂಗರು ಮಾಡದೆ ಬಿಟ್ಟ ಒಂದು ಕೆಲಸ. ಪಾಶ್ಚಾತ್ಯ ವಾದ್ಯಗಳ ಜೊತೆ ರಾಗವನ್ನು ಬೆರೆಸುವವರು ಸಾಮಾನ್ಯವಾಗಿ ರಾಗದ ಕೆಳಗೆ ಸ್ವರಮೇಳಗಳನ್ನು, ಅಂದರೆ ಕಾರ್ಡುಗಳನ್ನು, ಬದಲಾಯಿಸುತ್ತಾ ಹೋಗುತ್ತಾರೆ. ಕಾರ್ಡು ಬದಲಾದೊಡನೆ ಕಿವಿಗೆ ಷಡ್ಜವೇ ಸರಿದಂತಾಗಿ ರಾಗ ಚಿತ್ರಗೀತೆಯಾಗಿ ಬಿಡುತ್ತದೆ. ಚಿತ್ರಸಂಗೀತದಲ್ಲೇ ಹೊಟ್ಟೆ ಹೊರೆದ ಈ ಮನುಷ್ಯನಿಗೆ ಆ ಚಪಲ ಎಷ್ಟು ಸುಲಭವಿತ್ತು! ಅವರು ಅದನ್ನು ದೂರವಿಟ್ಟರು. ಬೇಸ್ ಪೆಟ್ಟಿಗೆಗೆ ಆಯಾ ರಾಗದ ಸ್ವರಗಳನ್ನೇ ಕಲಿಸಿ, ಷಡ್ಜಕ್ಕೆ ಮತ್ತೆ ಮತ್ತೆ ಮರಳುವ ಸುತ್ತು ಕಟ್ಟಿದರು. ಕೇಳುತ್ತಾ ಹೋದಂತೆ ಅದು ತಾಳವಾದ್ಯವಾಗಿ ಕೇಳದೆ, ನಡೆದಾಡುವ ತಂಬೂರಿಯಾಗಿ ಕೇಳತೊಡಗುತ್ತದೆ. ಯಾರಿಗೂ ಬೇಡವಾದ ಆ ಬೆಳ್ಳಿ ಪೆಟ್ಟಿಗೆಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಸೌಕರ್ಯವಿದೆ. ಮೀಂಡಿನ ಮನೆಯಲ್ಲಿ ಬೆಳೆದ ಕಿವಿಗೆ ಆ ಜಾರಿಕೆ ಪರಕೀಯವೆನಿಸುವುದಿಲ್ಲ.

ಅದರ ಮೇಲೆ ಬಲಗೈ ಜ್ಯೂಪಿಟರಿನಲ್ಲಿ ರಾಗ ಬಿಡಿಸುತ್ತದೆ. ಹಾರ್ಮೋನಿಯಂಗೆ ಇಲ್ಲದ ಒಂದು ಭಾಗ್ಯ ಈ ಕೀಬೋರ್ಡಿಗಿದೆ: ಎಡಬದಿಯ ಸನ್ನೆಯನ್ನು ಸರಿಸಿದರೆ ಸ್ವರ ಬಾಗುತ್ತದೆ. ಆ ಬಾಗುವಿಕೆಯಿಂದ ಶ್ರುತಿಯ ದೋಷವನ್ನು ಅಲ್ಲಲ್ಲಿ ಮರೆಸಿದ್ದಾರೆ. ಮೂರನೆಯ ಸಲ ಕೇಳಿದಾಗ ತಂದೆಯವರು, 'ನನ್ನ ಪೇಟಿಗೆ ಇದೊಂದು ಇದ್ದಿದ್ರ' ಎಂದು ನಿಟ್ಟುಸಿರು ಬಿಟ್ಟದ್ದು ಇದಕ್ಕೇ.

ಹತ್ತರಲ್ಲಿ ನಮ್ಮ ಮನಸ್ಸಿಗೆ ಗೆದ್ದವು ನಾಲ್ಕು: ಭೈರವ್, ಲಲಿತ್, ಕಲಾವತಿ, ಬೈರಾಗಿ. ಇವುಗಳಲ್ಲಿ ಕಲಾವತಿ, ಬೈರಾಗಿ ಎರಡೂ ಐದೇ ಸ್ವರದ ರಾಗಗಳು. ದಕ್ಷಿಣಾದಿಯವರಿಗೆ ವಲಚಿ, ರೇವತಿ ಎಂದರೆ ಬೇಗ ಗುರುತು ಸಿಕ್ಕೀತು. ಸ್ವರ ಕಡಿಮೆಯಿದ್ದಷ್ಟೂ ಯಂತ್ರದ ಸುತ್ತಿಗೂ ರಾಗದ ಚಲನೆಗೂ ಘರ್ಷಣೆ ಕಡಿಮೆ. ಭೂಪಾಲಿ, ಮಾಲಕಂಸಗಳೂ ಐದು ಸ್ವರದವೇ ಆದರೂ ಎಲ್ಲರ ಕಿವಿಯಲ್ಲಿ ಈಗಾಗಲೇ ದೊಡ್ಡ ಗಾಯಕರ ಕಂಠದಲ್ಲಿ ಕುಳಿತಿರುವುದರಿಂದ ಹೋಲಿಕೆಯ ಭಾರಕ್ಕೆ ಕುಗ್ಗುತ್ತವೆ. ಲಲಿತದ ಗೆಲುವು ಮಾತ್ರ ಬೇರೆ ತೆರನಾದದ್ದು. ಪಂಚಮವಿಲ್ಲದೆ, ಎರಡು ಮಧ್ಯಮಗಳನ್ನು ಒಂದರ ಬೆನ್ನಿಗೊಂದು ಇಡುವ ಆ ರಾಗಕ್ಕೆ ತನ್ನದೇ ಒಂದು ಅಪರಿಚಿತ ಛಾಯೆಯಿದೆ. ಯಂತ್ರದ ತಣ್ಣನೆಯ ಧ್ವನಿ ಆ ಛಾಯೆಗೆ ಒಪ್ಪಿಬಿಟ್ಟಿದೆ. ನಸುಕಿನ ಮೊದಲ ಲೋಕಲ್ ಗಾಡಿಯಲ್ಲಿ ಕುರ್ಲಾ ದಾಟುವಾಗ ಇದನ್ನು ಕೇಳಿದ ನಮಗೆ, ಲಲಿತವನ್ನು ಮುಂಬಯಿಯ ಬೆಳಗಿಗೆ ಹೊಂದಿಸಿದವರು ಇವರೊಬ್ಬರೇ ಎನಿಸಿದೆ.

ಮುದ್ರಿಕೆ ಮಾರಾಟವಾಗಲಿಲ್ಲ. ಶಾಸ್ತ್ರೀಯ ರಸಿಕರು ಡಿಸ್ಕೋ ಎಂದು ಮುಟ್ಟಲಿಲ್ಲ, ಡಿಸ್ಕೋದ ಹುಡುಗರು ರಾಗ ಎಂದು ಮುಟ್ಟಲಿಲ್ಲ. ಇಪ್ಪತ್ತು ವರ್ಷ ಕಳೆದು 2002ರಲ್ಲಿ ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ ದಿಲ್ಲಿಯಲ್ಲಿ ಒಂದು ಪ್ರತಿ ಸಿಕ್ಕಿತು. ಅವರು ಮುಂಬಯಿಗೆ ಬಂದು ಚರಣಜಿತ್ ಸಿಂಗರನ್ನು ಕಂಡು, 2010ರಲ್ಲಿ ತಮ್ಮ 'ಬಾಂಬೆ ಕನೆಕ್ಷನ್' ಸಂಸ್ಥೆಯಿಂದ ಅದನ್ನು ಮತ್ತೆ ಹೊರತಂದರು. ಯುರೋಪಿನವರು ಬೆರಗಾದರು. ಏಕೆಂದರೆ ಅಮೆರಿಕದ ಶಿಕಾಗೋದಲ್ಲಿ ಫ್ಯೂಚರ್ ಎಂಬ ತರುಣರ ತಂಡ ಇದೇ ಟಿಬಿ-303ರಿಂದ 'ಆಸಿಡ್ ಟ್ರ್ಯಾಕ್ಸ್' ಮಾಡಿ ಆಸಿಡ್ ಹೌಸ್ ಎಂಬ ನೃತ್ಯಸಂಗೀತಕ್ಕೆ ನಾಂದಿ ಹಾಡಿದ್ದು 1987ರಲ್ಲಿ. ಮುಂಬಯಿಯ ತಟ್ಟೆ ಅದಕ್ಕಿಂತ ಐದು ವರ್ಷ ಹಿಂದಿನದು. ಇದು ಯಾರೋ ಈಗಿನವರು ಮಾಡಿದ ಕುಚೋದ್ಯವೆಂದು ಶಂಕಿಸಿದವರೂ ಇದ್ದರು. ಇಳಿವಯಸ್ಸಿನಲ್ಲಿ ಚರಣಜಿತ್ ಸಿಂಗರು ಯುರೋಪಿಗೆ ಹೋಗಿ ಈ ರಾಗಗಳನ್ನು ತರುಣರ ಸಭೆಗಳಲ್ಲಿ ನುಡಿಸಿದರು. 2015ರ ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಈ ಮನ್ನಣೆ ಸಂತೋಷದ್ದೇ. ಆದರೆ ಅದರ ಅಳತೆಗೋಲು ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಶಿಕಾಗೋದವರಿಗಿಂತ ಐದು ವರ್ಷ ಮುಂಚೆ ಎಂಬುದು ಪಂಚಾಂಗದ ಮಾತಾಯಿತು, ಸಂಗೀತದ ಮಾತಾಗಲಿಲ್ಲ. ಚರಣಜಿತ್ ಸಿಂಗರಿಗೆ ಶಿಕಾಗೋದ ಯಾವ ದಾರಿಯನ್ನೂ ತೆರೆಯಬೇಕಾಗಿರಲಿಲ್ಲ. ಅವರು ಎದುರಿಗಿಟ್ಟುಕೊಂಡದ್ದು ಭೈರವ್ ಮತ್ತು ಲಲಿತಗಳನ್ನು. ಆದ್ದರಿಂದ ಅವುಗಳ ನ್ಯಾಯದಲ್ಲೇ ತೂಗಿ, ತೋಡಿಯಲ್ಲಿ ಸೋತರು, ಲಲಿತದಲ್ಲಿ ಗೆದ್ದರು ಎಂದು ಹೇಳುವುದೇ ಅವರಿಗೆ ಸಲ್ಲಿಸುವ ಗೌರವ. ಆ ಮಾತು ಹೇಳಬೇಕಾದವರು ರಾಗ ಬಲ್ಲ ನಾವು, ಹೇಳಬೇಕಾಗಿದ್ದದ್ದು 1982ರಲ್ಲಿ. ಕೇಳದೆಯೇ ತೀರ್ಪು ಕೊಟ್ಟ ತಪ್ಪು ನಮ್ಮ ಹಿರಿಯರದು. ನಾವೂ ಬಹುಶಃ ಅದನ್ನೇ ಮಾಡುತ್ತಿದ್ದೆವು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಚರಣಜಿತ್ ಸಿಂಗರೂ ತಬಲಾ ಬಿಟ್ಟರು, ಆ ರಾಜ್ಯೋತ್ಸವದವರೂ ಬಿಟ್ಟರು. ವ್ಯತ್ಯಾಸವೇನು? ಇವರು ತಬಲಾ ಬಿಟ್ಟದ್ದು ಆ ಜಾಗದಲ್ಲಿ ಬೇರೆ ಏನನ್ನೋ ಕಟ್ಟಿ ನೋಡಲು. ಹಲವು ವರ್ಷ ಇನ್ನೊಬ್ಬರ ಹಾಡಿಗೆ ಜೊತೆ ನುಡಿಸಿದ ಕೈ, ಯಂತ್ರದ ಒಂದೊಂದು ಹೆಜ್ಜೆಯನ್ನೂ ತಾನೇ ಕೂಡಿಸಿ, ತಪ್ಪಾದರೆ ತನ್ನ ಹೆಸರಿಗೆ ಬರಲೆಂದು ಒಪ್ಪಿ ಕುಳಿತಿತ್ತು. ನಾವು ಬಿಡುವುದು ಮಾತ್ರ ರಿಕ್ಷಾ ಬಾಡಿಗೆ ಮತ್ತು ಸಂಭಾವನೆ ಉಳಿಯಲೆಂದು, ರಿಹರ್ಸಲ್ಲಿನ ತೊಂದರೆ ತಪ್ಪಲೆಂದು. ಚಿತ್ರರಂಗದಲ್ಲೂ ಹಾಗೆಯೇ ಆಯಿತು. ನೂರು ಜನರ ವಾದ್ಯವೃಂದಗಳು ಮುಂದೆ ಕೀಬೋರ್ಡುಗಳ ಮುಂದೆ ಕರಗಿಹೋದವು. ಆ ಲೆಕ್ಕಾಚಾರದ ಹೊಣೆಯನ್ನು ಈ ಒಂದು ತಟ್ಟೆಯ ಮೇಲೆ ಹೊರಿಸುವುದು ಅನ್ಯಾಯ.

ನಮ್ಮ ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ, ಕೀಬೋರ್ಡು ಬೇಕೆಂದು ಒಂದು ವರ್ಷದಿಂದ ಹಟ ಹಿಡಿದಿದ್ದಳು. ಮೊದಲು ಪೇಟಿ ಕಲಿ ಎಂದು ಅಜ್ಜನ ಪ್ರತಿಹಟ. ಆ ಭಾನುವಾರದ ನಂತರ ಒಪ್ಪಂದವಾಯಿತು. ಕೀಬೋರ್ಡು ಕೊಡಿಸಿದ್ದೇವೆ, ಆದರೆ ಅದರೊಳಗಿನ ತಾಳದ ಗುಂಡಿ ಒತ್ತುವಂತಿಲ್ಲ. ಶನಿವಾರ ಸಂಜೆ ಕಾಕಾ ಅವರು ತಬಲಾ ತೆಗೆದುಕೊಂಡು ಬರುತ್ತಾರೆ. ಸದ್ಯಕ್ಕೆ ಭೂಪಾಲಿಯ ಆರೋಹ ಅವರೋಹ ನಡೆದಿದೆ. ಅವಳು ಅಲ್ಲಲ್ಲಿ ಎಡವುತ್ತಾಳೆ, ಕಾಕಾ ತಡೆದು ನಿಲ್ಲುತ್ತಾರೆ. ಬರುವ ಯುಗಾದಿಯ ಕಾರ್ಯಕ್ರಮಕ್ಕೆ ಹಾಡುವವರನ್ನು ಗೊತ್ತು ಮಾಡುವ ಮಹನೀಯರು ತಬಲಾದವರಿಗೂ ಒಂದು ಫೋನು ಮಾಡಬೇಕಾಗಿ ನಮ್ಮ ವಿನಂತಿ.